ಕರಾರು ಬರೆದರೆ ಸಾಲದು, ನಡೆಸಬೇಕು



ಸಂಗೊಳ್ಳಿ ಎಂದೊಡನೆ ನಿಮಗೆ ನೆನಪಾಗುವವನು ರಾಯಣ್ಣ. ಬೈಲಹೊಂಗಲ ತಾಲ್ಲೂಕಿನ ಮಲಪ್ರಭಾ ದಂಡೆಯ ಈ ಊರಿನ ವೀರ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗತಿಯನ್ನು ಪಾಠಪುಸ್ತಕದಲ್ಲಿ ಓದಿದ್ದೀರಿ, ಜನಪದರ ಲಾವಣಿಗಳಲ್ಲಿ ಕೇಳಿದ್ದೀರಿ. ಆದರೆ ರಾಯಣ್ಣ ಒಬ್ಬ ‘ಶೇತಸನದಿ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ನೋಡಿದ್ದೀರಾ? ಶೇತ ಎಂದರೆ ಹೊಲ, ಸನದು ಎಂದರೆ ಅಧಿಕಾರಪತ್ರ. ಸಂಸ್ಥಾನಕ್ಕೆ ಸೇವೆ ಸಲ್ಲಿಸುವುದಕ್ಕೆ ಪ್ರತಿಯಾಗಿ ಹೊಲವನ್ನು ಅನುಭವಿಸುವವನೇ ಶೇತಸನದಿ. ಇಂದಿನ ಕಾನೂನಿನ ಅರ್ಥದಲ್ಲಿ ಅದು ಕರಾರು ಆಗಿರಲಿಲ್ಲ ನಿಜ. ಆದರೂ ‘ನೀನು ಇದನ್ನು ಮಾಡು, ನಾನು ಇದನ್ನು ಕೊಡುತ್ತೇನೆ’ ಎಂಬ ಕೊಡುಕೊಳ್ಳುವಿಕೆಯ ಕಟ್ಟು ಅದರಲ್ಲಿತ್ತು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಇಂಥ ಜಮೀನುಗಳ ಮೇಲೆ ಕೈಯಿಟ್ಟಿತು. ರಾಯಣ್ಣನ ಮನೆತನದ ಹೊಲವೂ ಅದಕ್ಕೆ ಸಿಕ್ಕಿತು. ಒಂದು ಪಕ್ಷದವನೇ ಷರತ್ತು ಬದಲಿಸಿ, ತಪ್ಪು ಯಾರದೆಂದು ತಾನೇ ತೀರ್ಮಾನಿಸಿದರೆ ಇನ್ನೊಂದು ಪಕ್ಷದವನು ಯಾರ ಬಳಿ ಹೋಗಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ವಿಷಯಕ್ಕೆ ಬರೋಣ. ವಿಷಯ, ಕರಾರುಗಳ ಆಡಳಿತ ಮತ್ತು ನಿರ್ವಹಣೆ ಹಾಗೂ ಅದರ ವೃತ್ತಿ ತರಬೇತಿ.

ಕರಾರು ವಕೀಲರ ಕೆಲಸ, ನಮಗೇಕೆ ಅದು ಎಂದು ನೀವು ಕೇಳಬಹುದು. ನಿಮ್ಮ ಸುತ್ತ ಒಮ್ಮೆ ನೋಡಿ. ಪಕ್ಕದ ಹೊಲವನ್ನು ನಿಮ್ಮ ಮನೆಯವರು ವರ್ಷಕ್ಕೆ ಇಷ್ಟು ಎಂದು ಲಾವಣಿಗೆ ಹಾಕಿಕೊಂಡಿರಬಹುದು. ಇದು ಹಾಡುವ ಲಾವಣಿಯಲ್ಲ, ಹೊಲದ ಗುತ್ತಿಗೆ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟಿರಬಹುದು. ಮನೆ ಕಟ್ಟಲು ಗೌಂಡಿಯೊಡನೆ ಚದರಕ್ಕೆ ಇಷ್ಟು ಎಂದು ಮಾತಾಡಿರಬಹುದು. ಊರಿನ ರಸ್ತೆ, ಗಟಾರು, ಶಾಲೆಯ ಕೋಣೆ ಇವೆಲ್ಲ ಟೆಂಡರ್ ಮೂಲಕ ಗುತ್ತಿಗೆದಾರರ ಕೈಗೆ ಹೋದ ಕೆಲಸಗಳೇ. ಹೀಗೆ ಕರಾರಿನ ನಡುವೆಯೇ ನಮ್ಮ ಬದುಕು ಸಾಗುತ್ತಿದೆ. ಆದರೆ ಅದನ್ನು ಓದುವ, ಬರೆಯುವ, ನಡೆಸುವ ವಿದ್ಯೆಯನ್ನು ಕಲಿತವರು ಮಾತ್ರ ಕಡಿಮೆ.

ಮೊದಲು ಕಾನೂನಿನ ತಳಹದಿಯನ್ನು ತಿಳಿಯೋಣ. ನಮ್ಮ ದೇಶದ ಕರಾರು ಕಾಯಿದೆ 1872ರದು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಈ ಕಾಯಿದೆ ಇಂದಿಗೂ ನಮ್ಮ ವ್ಯವಹಾರಗಳ ಬುನಾದಿಯಾಗಿದೆ. ಅದರ 10ನೆಯ ಕಲಮಿನ ಪ್ರಕಾರ ಒಂದು ಒಪ್ಪಂದ ಕಾನೂನಿನ ಬಲವುಳ್ಳ ಕರಾರಾಗಬೇಕಾದರೆ ಪಕ್ಷಗಾರರು ಕರಾರು ಮಾಡಿಕೊಳ್ಳಲು ಅರ್ಹರಾಗಿರಬೇಕು, ಅವರ ಸಮ್ಮತಿ ಒತ್ತಾಯವಿಲ್ಲದ್ದಾಗಿರಬೇಕು, ಪ್ರತಿಫಲ ಮತ್ತು ಉದ್ದೇಶ ಎರಡೂ ಕಾನೂನುಬದ್ಧವಾಗಿರಬೇಕು. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಆರಂಭದಿಂದಲೇ ಅಸಿಂಧು ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿತು. ಆದ್ದರಿಂದ ಪ್ರೌಢಶಾಲೆಯಲ್ಲಿರುವ ನಿಮ್ಮಿಂದ ಯಾರಾದರೂ ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರೆ ಹಿರಿಯರನ್ನು ಕರೆಯಿರಿ.

ಬಾಯಿಮಾತಿನ ಕರಾರಿಗೂ ಸಾಮಾನ್ಯವಾಗಿ ಬೆಲೆಯುಂಟು. ಆದರೆ ಅದನ್ನು ಸಾಬೀತುಪಡಿಸುವುದು ಕಷ್ಟ. ಬರೆದಿಟ್ಟ ಕರಾರಿನಲ್ಲಿಯೂ ಓದದೆ ಸಹಿ ಮಾಡಿದರೆ ತೊಂದರೆ ತಪ್ಪಿದ್ದಲ್ಲ. ಇದಕ್ಕೆ ನಿಮ್ಮ ಮನೆಯ ಕಬ್ಬನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಬೈಲಹೊಂಗಲ, ಕಿತ್ತೂರು ಭಾಗದ ಎಷ್ಟೋ ಮನೆಗಳ ವರ್ಷದ ಲೆಕ್ಕ ನಿಂತಿರುವುದು ಕಬ್ಬಿನ ಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. ಜನವರಿ 1ರಂದು ಕಬ್ಬು ಒಪ್ಪಿಸಿದರೆ ಗಡುವು ಜನವರಿ 15. ಹಣ ಮಾರ್ಚ್ 16ಕ್ಕೆ ಕೈಸೇರಿತೆಂದು ತಿಳಿಯೋಣ. ಆಗ 60 ದಿನ ತಡವಾದಂತಾಯಿತು. ಬಾಕಿ ಒಂದು ಲಕ್ಷ ರೂಪಾಯಿ ಇದ್ದರೆ ಬಡ್ಡಿ ಸುಮಾರು 2,466 ರೂಪಾಯಿ. ಇಷ್ಟನ್ನು ಹಲವರು ಬಲ್ಲರು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಪಕ್ಷಗಾರರ ನಡುವೆ ಇದಕ್ಕೆ ವಿರುದ್ಧವಾದ ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾತ್ರ ಈ 14 ದಿನಗಳ ಗಡುವು ಅನ್ವಯಿಸುತ್ತದೆ. ಅಂದರೆ ನಿಮ್ಮ ತಂದೆಯವರು ಸಹಿ ಮಾಡಿದ ಕಾಗದದ ಒಂದು ಸಾಲು ಆ ಗಡುವನ್ನೇ ಬದಲಿಸಬಲ್ಲದು. ಕರಾರು ಓದುವುದು ಏಕೆ ಮುಖ್ಯ ಎಂಬುದು ಈಗ ನಿಮಗೆ ಮನದಟ್ಟಾಗಿರಬೇಕು. ತೂಕದ ಚೀಟಿಯನ್ನು ಜೋಪಾನವಾಗಿ ಇಡುವುದು ಏಕೆ ಮುಖ್ಯ ಎಂಬುದೂ ಇದರಲ್ಲೇ ಅಡಗಿದೆ, ಏಕೆಂದರೆ ದಿನದ ಲೆಕ್ಕ ಆರಂಭವಾಗುವುದು ಅಲ್ಲಿಂದ.

ಕರಾರಿಗೆ ಸಹಿ ಬಿದ್ದ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ನಮ್ಮ ರೂಢಿ. ಜಗಳ ಬಂದಾಗ ಮಾತ್ರ ಹೊರತೆಗೆಯುತ್ತೇವೆ. ವೃತ್ತಿಪರರು ಹೀಗೆ ಮಾಡುವುದಿಲ್ಲ. ಅವರ ಪಾಲಿಗೆ ಸಹಿಯ ದಿನದಿಂದ ಕೆಲಸ ಆರಂಭ. ಯಾವ ದಿನ ಏನು ಆಗಬೇಕು, ಯಾರು ಯಾರಿಗೆ ಯಾವಾಗ ತಿಳಿಸಬೇಕು, ಅಳತೆ ಯಾರು ತೆಗೆಯಬೇಕು, ಬಿಲ್ಲು ಎಂದು ಸಲ್ಲಿಸಬೇಕು, ದೋಷ ಕಂಡರೆ ಎಷ್ಟು ಕಾಲದವರೆಗೆ ಯಾರು ಸರಿಪಡಿಸಬೇಕು, ಈ ಎಲ್ಲವನ್ನೂ ಕರಾರಿನಿಂದ ಹೆಕ್ಕಿ ಒಂದು ಪಟ್ಟಿ ಮಾಡಿಕೊಂಡು ಅದರಂತೆ ನಡೆಸುವುದಕ್ಕೆ ಕರಾರು ಆಡಳಿತ ಎಂದು ಹೆಸರು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸೋಣ. ನಿಮ್ಮ ಊರ ಶಾಲೆಗೆ 100 ಮೀಟರ್ ಉದ್ದದ ಕಂಪೌಂಡ್ ಗೋಡೆ ಕಟ್ಟುವ ಕೆಲಸ ಬಂದಿದೆ ಎಂದುಕೊಳ್ಳಿ. ಅಂದಾಜು ಪತ್ರಿಕೆಯಲ್ಲಿ ಪಾಯದ ಅಗಲ 0.6 ಮೀಟರ್, ಆಳ 0.75 ಮೀಟರ್. ಅಂದರೆ ಅಗೆತ 45 ಘನ ಮೀಟರ್. ಕೆಲಸ ಆರಂಭಿಸಿದಾಗ ಎರೆಮಣ್ಣು ನಿರೀಕ್ಷೆಗಿಂತ ಆಳವಾಗಿದೆ. ಗಟ್ಟಿ ನೆಲ ಸಿಗಲು 1.2 ಮೀಟರ್ ಅಗೆಯಬೇಕಾಯಿತು. ಆಗ ಅಗೆತ 72 ಘನ ಮೀಟರ್, ಹೆಚ್ಚುವರಿ 27 ಘನ ಮೀಟರ್. ಲೆಕ್ಕಕ್ಕಾಗಿ ಘನ ಮೀಟರಿಗೆ 300 ರೂಪಾಯಿ ಎಂದು ಹಿಡಿದರೆ ಅಗೆತ ಒಂದರಲ್ಲೇ 8,100 ರೂಪಾಯಿ ಹೆಚ್ಚಾಯಿತು. ಹೆಚ್ಚುವರಿ ಕಲ್ಲುಕಟ್ಟಡದ ಖರ್ಚು ಬೇರೆ.

ಈಗ ಇಬ್ಬರು ಗುತ್ತಿಗೆದಾರರನ್ನು ಊಹಿಸಿಕೊಳ್ಳಿ. ಮೊದಲನೆಯವರು ‘ಸಾಹೇಬರು ಒಳ್ಳೆಯವರು, ಆಮೇಲೆ ನೋಡಿಕೊಳ್ಳೋಣ’ ಎಂದು ಪಾಯ ತುಂಬಿಸಿ ಗೋಡೆ ಎಬ್ಬಿಸುತ್ತಾರೆ. ಮೂರು ತಿಂಗಳ ನಂತರ ಬಿಲ್ಲು ಕೊಟ್ಟಾಗ ಆ ಸಾಹೇಬರಿಗೆ ವರ್ಗವಾಗಿದೆ. ಹೊಸಬರು ಅಳತೆ ಪುಸ್ತಕ ತೆರೆಯುತ್ತಾರೆ. ಅದರಲ್ಲಿ 0.75 ಮೀಟರ್ ಮಾತ್ರ ಇದೆ. ನೆಲದೊಳಗೆ ಮುಚ್ಚಿಹೋದ ಕೆಲಸವನ್ನು ಈಗ ಯಾರು ಅಳೆಯಬೇಕು? ಎರಡನೆಯವರು ಗಟ್ಟಿ ನೆಲ ಸಿಗಲಿಲ್ಲವೆಂದು ಕಂಡ ದಿನವೇ ಎಂಜಿನಿಯರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯುತ್ತಾರೆ. ಹೆಚ್ಚುವರಿ ಕೆಲಸಕ್ಕೆ ಲಿಖಿತ ಆದೇಶ ಕೇಳುತ್ತಾರೆ. ಪಾಯ ತುಂಬುವ ಮೊದಲು ಅಳತೆ ತೆಗೆಸಿ, ಅಳತೆ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳುತ್ತಾರೆ. ಇಬ್ಬರೂ ಪ್ರಾಮಾಣಿಕರೇ, ಇಬ್ಬರೂ ಒಂದೇ ಗೋಡೆ ಕಟ್ಟಿದವರೇ. ಆದರೆ ಹಣ ಕೈಸೇರುವುದು ಎರಡನೆಯವರಿಗೆ. ಇದನ್ನು ಕುಯುಕ್ತಿ ಎನ್ನಬೇಡಿ. ಸರ್ಕಾರದ ಎಂಜಿನಿಯರ್ ಕೂಡ ನಾಳೆ ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕು. ಕಾಗದವಿದ್ದರೆ ಇಬ್ಬರಿಗೂ ರಕ್ಷಣೆ.

ಇನ್ನು ಕಾಲದ ಮಾತು. ಕರಾರಿನಲ್ಲಿ ‘ಇಷ್ಟು ತಿಂಗಳೊಳಗೆ ಮುಗಿಸಬೇಕು, ತಡವಾದರೆ ದಿನಕ್ಕೆ ಇಷ್ಟು ಪರಿಹಾರ’ ಎಂದಿರುತ್ತದೆ. ಕರಾರು ಕಾಯಿದೆಯ 74ನೆಯ ಕಲಮು ಇಲ್ಲಿ ಒಂದು ಮಿತಿ ಹಾಕಿದೆ. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ಅಷ್ಟನ್ನೂ ಕೊಡಲೇಬೇಕೆಂದಲ್ಲ. ಆ ಮಿತಿಯೊಳಗೆ ನ್ಯಾಯಸಮ್ಮತವಾದ ಪರಿಹಾರ ಮಾತ್ರ ಸಲ್ಲುತ್ತದೆ. ತಡಕ್ಕೆ ಕಾರಣ ಯಾರು ಎಂಬುದೂ ಮುಖ್ಯ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದು ಸವದತ್ತಿ, ರಾಮದುರ್ಗ ಭಾಗದ ಹೊಲಮನೆಗಳು ನೀರಿನಲ್ಲಿ ನಿಂತದ್ದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ ಅಥವಾ ಕೇಳಿದ್ದೀರಿ. ಅಂಥ ದಿನಗಳಲ್ಲಿ ನದಿಯ ಅಂಚಿನ ಕೆಲಸ ನಡೆಯದಿದ್ದರೆ ಅದು ಗುತ್ತಿಗೆದಾರರ ತಪ್ಪಾಗದು. 2020ರ ಫೆಬ್ರುವರಿ 19ರಂದು ಕೇಂದ್ರ ಹಣಕಾಸು ಸಚಿವಾಲಯ, ಕೊರೋನಾದಿಂದ ಸರಬರಾಜಿಗೆ ಒದಗಿದ ಅಡ್ಡಿಯನ್ನು ನೈಸರ್ಗಿಕ ವಿಪತ್ತೆಂದು ಪರಿಗಣಿಸಬಹುದೆಂದು ಪತ್ರ ಹೊರಡಿಸಿತು. ಆದರೆ ಒಂದು ಎಚ್ಚರಿಕೆ. ಇಂಥ ವಿನಾಯಿತಿ ತಾನಾಗಿಯೇ ದೊರೆಯುವುದಿಲ್ಲ. ಕರಾರಿನಲ್ಲಿ ಹೇಳಿದ ಅವಧಿಯೊಳಗೆ ಲಿಖಿತವಾಗಿ ತಿಳಿಸಿ ಕಾಲಾವಧಿ ವಿಸ್ತರಣೆ ಕೇಳಬೇಕು. ನೆರೆ ಬಂದದ್ದು ಊರಿಗೆಲ್ಲ ಗೊತ್ತು ಎಂದು ಸುಮ್ಮನಿದ್ದವರು ಆಮೇಲೆ ದಂಡ ತೆರಬೇಕಾಗುತ್ತದೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಬರೋಣ. ತಪ್ಪು ಯಾರದೆಂದು ತೀರ್ಮಾನಿಸುವವರು ಯಾರು? ಇದಕ್ಕೆ ಉತ್ತರ ದೊರೆತದ್ದು ನಮ್ಮ ಕರ್ನಾಟಕದ ಒಂದು ಪ್ರಕರಣದಲ್ಲಿ ಎಂಬುದು ಹೆಮ್ಮೆಯ ಸಂಗತಿ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಮತ್ತು ರಾಜ್ಯ ಸರ್ಕಾರದ ನಡುವೆ ಒಂದು ಕರಾರು ಇತ್ತು. ಅದರ 12ನೆಯ ಷರತ್ತಿನಲ್ಲಿ, ಕರಾರು ಮುರಿದರೆ ಸರ್ಕಾರ ನಿಗದಿಪಡಿಸಿದ ನಷ್ಟವನ್ನು ಗಿರಣಿಯವರು ತುಂಬಬೇಕು, ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು ಎಂದು ಬರೆದಿತ್ತು. ಪ್ರಕರಣ ಹೈಕೋರ್ಟಿನ ಪೂರ್ಣಪೀಠದಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1987ರಲ್ಲಿ ಸುಪ್ರೀಂ ಕೋರ್ಟು ಹೇಳಿದ ತಾತ್ಪರ್ಯ ಇಷ್ಟು: ಕರಾರು ಮುರಿದದ್ದನ್ನು ಎರಡು ಕಡೆಯವರೂ ಒಪ್ಪಿದ್ದರೆ ಸರ್ಕಾರ ನಷ್ಟದ ಮೊತ್ತವನ್ನು ಲೆಕ್ಕಹಾಕಬಹುದು. ಆದರೆ ಮುರಿದಿದ್ದಾರೆಯೇ ಇಲ್ಲವೇ ಎಂಬುದೇ ವಿವಾದವಾಗಿದ್ದಾಗ ಕರಾರಿನ ಒಂದು ಪಕ್ಷವೇ ಅದನ್ನು ತೀರ್ಮಾನಿಸಲಾಗದು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವ ಅಧಿಕಾರ ಸರ್ಕಾರಕ್ಕೂ ಇಲ್ಲ.

ಕಂಪನಿ ಸರ್ಕಾರದ ಎದುರು ಶೇತಸನದಿಗೆ ಸಿಗದ ನ್ಯಾಯವನ್ನು ಸ್ವತಂತ್ರ ಭಾರತದಲ್ಲಿ ಒಂದು ಅಕ್ಕಿ ಗಿರಣಿ ಪಡೆಯಿತು. ಇದೇ ತತ್ವ ಮುಂದೆ ಮಧ್ಯಸ್ಥಿಕೆ ಕಾನೂನಿಗೂ ಬಂದಿತು. 1996ರ ಮಧ್ಯಸ್ಥಿಕೆ ಮತ್ತು ರಾಜಿ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿ, ಒಂದು ಪಕ್ಷದ ನೌಕರನಾದವನು ಆ ವ್ಯಾಜ್ಯದ ಮಧ್ಯಸ್ಥನಾಗುವಂತಿಲ್ಲ ಎಂದಾಯಿತು. ವಿವಾದ ಎದ್ದ ಮೇಲೆ ಇಬ್ಬರೂ ಲಿಖಿತವಾಗಿ ಒಪ್ಪಿದರೆ ಮಾತ್ರ ಅದಕ್ಕೆ ವಿನಾಯಿತಿ.

ಸರ್ಕಾರಿ ಕೆಲಸಗಳ ವಿಷಯದಲ್ಲಿ ಇನ್ನೂ ಎರಡು ಸಂಗತಿಗಳನ್ನು ಗಮನಿಸಿ. ಸಂವಿಧಾನದ 299ನೆಯ ಅನುಚ್ಛೇದದಂತೆ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದ ಅಧಿಕಾರಿಯ ಸಹಿಯೊಂದಿಗೆ ಆಗಬೇಕು. ಯಾರೋ ದೊಡ್ಡವರು ‘ಆರಂಭಿಸಿ’ ಎಂದರೆ ಅದು ಕರಾರಾಗದು. ಎರಡನೆಯದಾಗಿ, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಜಾರಿಯಲ್ಲಿದೆ. ಟೆಂಡರನ್ನು ಬಹಿರಂಗವಾಗಿ ಕರೆಯಬೇಕು, ಮೊದಲೇ ಹೇಳಿದ ಮಾನದಂಡದಿಂದಲೇ ಪರಿಶೀಲಿಸಬೇಕು, ತೀರ್ಮಾನಕ್ಕೆ ಅಸಮ್ಮತಿ ಇದ್ದವರಿಗೆ ಮೇಲ್ಮನವಿಯ ದಾರಿ ಇರಬೇಕು ಎಂಬುದು ಅದರ ಸಾರ. ಈಗ ಟೆಂಡರುಗಳು ಬಹುಪಾಲು ಕಂಪ್ಯೂಟರ್ ಜಾಲದ ಮೂಲಕವೇ ನಡೆಯುತ್ತವೆ. ಹಳ್ಳಿಯಲ್ಲಿ ಕುಳಿತವರೂ ಅವುಗಳನ್ನು ನೋಡಬಹುದು.

ಈ ನಿಯಮಗಳೆಲ್ಲ ಬರಿಯ ಕಾಗದದ ಮಾತೆಂದು ತಿಳಿಯಬೇಡಿ. 2022ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಕಾರ್ಯಾದೇಶವಿಲ್ಲದೆ ನಡೆದ ಗ್ರಾಮದ ಕಾಮಗಾರಿಗಳ ಹಣದ ವಿಚಾರ ದೊಡ್ಡ ವಿವಾದವಾಗಿ, ಒಂದು ಜೀವವೇ ಹೋಯಿತು. ಆ ಪ್ರಕರಣದ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ಅದರಿಂದ ನಾವು ಕಲಿಯಬೇಕಾದದ್ದು, ಕಾರ್ಯಾದೇಶ ಕೈಗೆ ಬರುವ ಮೊದಲು ಗುದ್ದಲಿ ನೆಲಕ್ಕೆ ತಾಗಬಾರದು ಎಂಬ ಪಾಠ. ಸರಿಯಾದ ಕರಾರಿಲ್ಲದೆ ಕೆಲಸ ಮಾಡಿದವರನ್ನು ಕಾನೂನು ಪೂರ್ತಿ ಕೈಬಿಟ್ಟಿಲ್ಲ. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಪರಿಹಾರ ಕೊಡಬೇಕೆಂದು ಕರಾರು ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಬಿ.ಕೆ. ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಸರ್ಕಾರಕ್ಕೂ ಅನ್ವಯಿಸಿತು. ಆದರೆ ಆ ದಾರಿ ನ್ಯಾಯಾಲಯದ ಮೂಲಕ ಹೋಗುವ ದೂರದ ದಾರಿ. ಸಾಲ ತಂದು ಕೆಲಸ ಮಾಡಿದವನಿಗೆ ಬಡ್ಡಿ ಅಲ್ಲಿಯವರೆಗೆ ಕಾಯುವುದಿಲ್ಲ.

ಹಾಗಾದರೆ ಈ ವಿದ್ಯೆಯನ್ನು ಎಲ್ಲಿ ಕಲಿಯಬೇಕು? ಇದಕ್ಕೆ ಒಂದೇ ಬಾಗಿಲು ಇಲ್ಲ. ವಾಣಿಜ್ಯ ಓದುವವರಿಗೆ ಪದವಿಯ ವ್ಯವಹಾರ ಕಾನೂನಿನಲ್ಲಿ 1872ರ ಕಾಯಿದೆಯ ಪರಿಚಯವಾಗುತ್ತದೆ. ಲೆಕ್ಕಪರಿಶೋಧಕರ, ಅಂದರೆ ಸಿ.ಎ. ಪರೀಕ್ಷೆಯ ಮೊದಲ ಹಂತದಲ್ಲೂ ಅದಿದೆ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡುವವರು ಅಂದಾಜು ಪತ್ರಿಕೆ ಮತ್ತು ಅಳತೆಯ ಲೆಕ್ಕವನ್ನು ಕಲಿಯುತ್ತಾರೆ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಪರಿಮಾಣ ಮಾಪನ ಮತ್ತು ಕರಾರು ನಿರ್ವಹಣೆ ಒಂದು ವಿಷಯವಾಗಿಯೇ ಬಂದಿದೆ. ಕಾನೂನು ಓದಬಯಸುವವರಿಗೆ ಬೆಳಗಾವಿಯಲ್ಲಿ 1939ರಿಂದ ರಾಜಾ ಲಖಮಗೌಡ ಕಾನೂನು ಕಾಲೇಜು ಇದೆ, ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಕಟ್ಟಡ ನಿರ್ಮಾಣ ಕ್ಷೇತ್ರದಲ್ಲಿ ವಿಶೇಷ ತರಬೇತಿ ಬೇಕೆನ್ನುವವರಿಗೆ ಪುಣೆಯ ನಿಕ್ಮಾರ್ ಸಂಸ್ಥೆ 1983ರಿಂದ ಹೆಸರಾಗಿದೆ. ಸರ್ಕಾರಿ ನೌಕರಿಗೆ ಸೇರಿದವರಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಸಂಗ್ರಹಣೆಯ ನಿಯಮಗಳ ಬಗ್ಗೆ ತರಬೇತಿ ನೀಡುತ್ತದೆ. ಹೊರದೇಶದ ದೊಡ್ಡ ಕಾಮಗಾರಿಗಳಲ್ಲಿ ದುಡಿಯಬಯಸುವವರು ‘ಫಿಡಿಕ್’ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಒಕ್ಕೂಟದ ಮಾದರಿ ಕರಾರುಗಳನ್ನು ಅಭ್ಯಾಸ ಮಾಡಬೇಕು. ಅದರ ‘ಕೆಂಪು ಪುಸ್ತಕ’ ಮೊದಲು ಬಂದದ್ದು 1957ರಲ್ಲಿ.

ಈ ವೃತ್ತಿಗೆ ಬೇಕಾದ ಗುಣಗಳಲ್ಲಿ ಕಾನೂನಿನ ಜ್ಞಾನ ಒಂದು ಭಾಗ ಮಾತ್ರ. ಅಳತೆ ಮತ್ತು ಲೆಕ್ಕದಲ್ಲಿ ತಪ್ಪಿರಬಾರದು. ದಿನದ ಡೈರಿ ಬರೆಯುವ ಶಿಸ್ತು ಬೇಕು. ಇಂದು ಎಷ್ಟು ಜನ ಬಂದರು, ಎಷ್ಟು ಸಿಮೆಂಟು ಬಂತು, ಮಳೆ ಎಷ್ಟು ಹೊತ್ತು ಸುರಿಯಿತು ಎಂಬ ಸಣ್ಣ ಟಿಪ್ಪಣಿಗಳೇ ಎರಡು ವರ್ಷದ ಮೇಲೆ ದೊಡ್ಡ ಸಾಕ್ಷಿಯಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಸ್ಪಷ್ಟವಾದ, ಸಿಟ್ಟಿಲ್ಲದ ಪತ್ರ ಬರೆಯಲು ಬರಬೇಕು. ಯಾವ ಷರತ್ತಿನಡಿ, ಯಾವ ದಿನಾಂಕದಂದು, ಏನಾಯಿತು, ನಾವು ಕೇಳುವುದೇನು ಎಂಬ ನಾಲ್ಕು ಮಾತುಗಳು ಒಂದು ಪುಟದಲ್ಲಿ ಮುಗಿಯಬೇಕು. ಪ್ರೌಢಶಾಲೆಯಲ್ಲಿ ನೀವು ಕಲಿಯುವ ವ್ಯವಹಾರ ಪತ್ರದ ಪಾಠವನ್ನು ಅಂಕಗಳಿಗಾಗಿ ಮಾತ್ರ ಓದಬೇಡಿ.

ಕೊನೆಯದಾಗಿ ನಿಮಗೊಂದು ಮನೆಗೆಲಸ. ಈ ವಾರ ನಿಮ್ಮ ಮನೆಯಲ್ಲಿರುವ ಯಾವುದಾದರೂ ಒಂದು ಕರಾರನ್ನು ಹಿರಿಯರ ಅನುಮತಿ ಪಡೆದು ಓದಿ. ಲಾವಣಿ ಪತ್ರವಾಗಲಿ, ಕಬ್ಬಿನ ಒಪ್ಪಂದವಾಗಲಿ, ಬ್ಯಾಂಕಿನ ಸಾಲದ ಪತ್ರವಾಗಲಿ, ಮನೆ ಬಾಡಿಗೆಯ ಕಾಗದವಾಗಲಿ. ಓದಿದ ಮೇಲೆ ಒಂದು ಹಾಳೆಯಲ್ಲಿ ಐದು ಸಾಲು ಬರೆಯಿರಿ. ಪಕ್ಷಗಾರರು ಯಾರು? ಯಾರು ಏನು ಮಾಡಬೇಕು? ಯಾವ ದಿನದೊಳಗೆ? ತಪ್ಪಿದರೆ ಏನು? ವಿವಾದ ಬಂದರೆ ತೀರ್ಮಾನಿಸುವವರು ಯಾರು? ಇವುಗಳಲ್ಲಿ ಯಾವುದಕ್ಕಾದರೂ ಕಾಗದದಲ್ಲಿ ಉತ್ತರ ಸಿಗದಿದ್ದರೆ ಅದನ್ನು ಮನೆಯವರ ಗಮನಕ್ಕೆ ತನ್ನಿ. ಬಾಯಿಮಾತಿನಲ್ಲೇ ಆದ ವ್ಯವಹಾರವಾಗಿದ್ದರೆ ಅದನ್ನು ಬರೆದಿಡಲು ಹೇಳಿ. ‘ನಮ್ಮ ನಮ್ಮಲ್ಲಿ ಕಾಗದವೇಕೆ’ ಎಂದು ಅವರು ಕೇಳಿದರೆ, ನೆಂಟಸ್ತಿಕೆ ಕೆಡದಿರಲೆಂದೇ ಕಾಗದ ಎಂದು ವಿನಯದಿಂದ ತಿಳಿಸಿ. ಹಣದ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ ಎಂಬುದನ್ನೂ ಅವರಿಗೆ ನೆನಪಿಸಿ.

ನಿಮ್ಮಲ್ಲಿ ಕೆಲವರು ನಾಳೆ ಗುತ್ತಿಗೆದಾರರಾಗುವಿರಿ, ಕೆಲವರು ಆ ಗುತ್ತಿಗೆಗೆ ಸಹಿ ಹಾಕುವ ಅಧಿಕಾರಿಗಳಾಗುವಿರಿ, ಬಹಳ ಮಂದಿ ಆ ರಸ್ತೆಯ ಮೇಲೆ ನಡೆಯುವ ನಾಗರಿಕರಾಗುವಿರಿ. ಮೂವರಿಗೂ ಬೇಕಾದದ್ದು ಒಂದೇ ವಿದ್ಯೆ: ಕೊಟ್ಟ ಮಾತನ್ನು ಸ್ಪಷ್ಟವಾಗಿ ಬರೆಯುವುದು, ಬರೆದದ್ದನ್ನು ದಿನದಿನವೂ ನಡೆಸುವುದು. ಅದನ್ನು ಈಗಿನಿಂದಲೇ ರೂಢಿಸಿಕೊಳ್ಳಿ.